ಮಗಳಿಗೊಂದು ಪತ್ರ: ಅಜ್ಜನ ಬಗ್ಗೆ ನೀನು ಕೇಳಿದ್ದಕ್ಕೆ

ಪ್ರೀತಿಯ ಮಗಳೇ,

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಅಜ್ಜನ ನೆನಪಿನ ಕೂಟ ಇದೆ. ಮೊಮ್ಮಕ್ಕಳ ಪರವಾಗಿ ನೀನು ನಾಲ್ಕು ಮಾತು ಆಡಬೇಕು ಅಂತ ಸಭಾಪಾಲಕರು ಹೇಳಿದ್ದಾರೆ. "ಏನು ಹೇಳಲಿ ಅಮ್ಮ, ಬರೆದು ಕಳಿಸು" ಅಂದೆ. ಫೋನಿನಲ್ಲಿ ಹೇಳೋಕೆ ಹೋದರೆ ನನಗೆ ಗಂಟಲು ಕಟ್ಟುತ್ತದೆ. ಅದಕ್ಕೇ ಈ ಕಾಗದ.

ಮಣ್ಣು ಮಾಡಿದ ದಿನ ಎಲ್ಲರೂ ಅಜ್ಜನನ್ನು 'ವೀರ ಯೋಧ' ಅಂದರು. ಮಾಜಿ ಸೈನಿಕರು ಬಂದು ಹೂವಿನ ಚಕ್ರ ಇಟ್ಟು ಸೆಲ್ಯೂಟ್ ಹೊಡೆದಾಗ ನನಗೂ ಎದೆ ತುಂಬಿ ಬಂತು. ಆ ಮಾತು ಸುಳ್ಳಲ್ಲ. ಆದರೆ ಅದನ್ನು ಕೇಳಿದವರ ಕಣ್ಣಿಗೆ ಬಂದೂಕು ಹಿಡಿದು ಮುನ್ನುಗ್ಗುವ ಮನುಷ್ಯನೇ ಕಾಣುತ್ತಾನೆ. ಅಜ್ಜ ಮಾಡಿದ ಕೆಲಸ ಬೇರೆ. ಅದೇನು ಅಂತ ನೀನು ಸರಿಯಾಗಿ ಹೇಳಬೇಕು ಅನ್ನೋದು ನನ್ನ ಆಸೆ.

ಅಜ್ಜ ಸ್ಯಾಪರ್, ಅಂದರೆ ಸೈನ್ಯದ ಎಂಜಿನಿಯರ್ ಪಡೆಯ ಜವಾನ. ಬೆಂಗಳೂರಿನಲ್ಲಿ ಹಲಸೂರು ಕೆರೆಯ ಹತ್ತಿರ ಮದ್ರಾಸ್ ಎಂಜಿನಿಯರ್ ಗ್ರೂಪ್ ಇದೆಯಲ್ಲ, ಎಂಇಜಿ ಅಂತಾರೆ, ಅಲ್ಲಿ ತರಬೇತಿ ಆಗಿದ್ದು. 1780ರಷ್ಟು ಹಳೆಯ ಪಡೆ ಅದು. ಅಲ್ಲಿಯ ಜವಾನರನ್ನು 'ತಂಬಿ' ಅಂತಲೇ ಕರೆಯುತ್ತಾರೆ, ತಮಿಳಿನಲ್ಲಿ ತಮ್ಮ ಅಂತ ಅರ್ಥ. ಬೆಟಗೇರಿಯ ನೇಕಾರರ ಮನೆಯ ಹುಡುಗ, ಕನ್ನಡ ಬಿಟ್ಟು ಬೇರೆ ಮಾತು ಬಾರದವನು, 18 ತುಂಬಿದ ಕೂಡಲೇ ಹೋಗಿ ಸೇರಿದ. ತಮಿಳು, ಹಿಂದಿ ಎರಡನ್ನೂ ಅಲ್ಲೇ ಕಲಿತ. ಸೈನ್ಯ ಮುಂದೆ ಹೋಗಬೇಕಾದರೆ ಸೇತುವೆ ಬೇಕು, ರಸ್ತೆ ಬೇಕು, ಕುಡಿಯೋಕೆ ನೀರು ಬೇಕು. ನೆಲದಲ್ಲಿ ಹೂತಿಟ್ಟ ಸಿಡಿಗುಂಡುಗಳನ್ನು, ಅಂದರೆ ಮೈನ್‌ಗಳನ್ನು, ಯಾರಾದರೂ ತೆಗೆಯಬೇಕು. ಇವೆಲ್ಲ ಸ್ಯಾಪರ್‌ಗಳ ಕೆಲಸ. ಎಲ್ಲರಿಗಿಂತ ಮೊದಲು ಹೋಗಬೇಕು, ದಾರಿ ಮಾಡಬೇಕು, ಆಮೇಲೆ ಪಕ್ಕಕ್ಕೆ ಸರಿದು ನಿಲ್ಲಬೇಕು.

ಅಜ್ಜ ಪೆನ್ಷನ್ ಬಂದು ಊರಿಗೆ ಮರಳಿದ್ದು 1984ರಲ್ಲಿ. ಈಗಿರುವ ಮನೆಯನ್ನು ಆಗಲೇ ಕಟ್ಟಿಸಿದ್ದು. ಅಂಗಳದಲ್ಲಿ ಮರಳಿನ ರಾಶಿ ಬಿದ್ದಿತ್ತು. ಯುದ್ಧದ ಕಥೆ ಹೇಳು ಅಂತ ನಾನೂ ನಿನ್ನ ಮಾವನೂ ಬೆನ್ನು ಬಿದ್ದಿದ್ದೆವು. ಅಜ್ಜ ಕಥೆ ಹೇಳಲಿಲ್ಲ. ಡಬ್ಬಿಯ ಮುಚ್ಚಳವೊಂದನ್ನು ಮರಳಿನಲ್ಲಿ ಹೂತು, ಚೀಲ ಹೊಲಿಯುವ ದಬ್ಬಣವನ್ನು ನನ್ನ ಕೈಗೆ ಕೊಟ್ಟು "ಹುಡುಕು" ಅಂದರು. ನಾನು ಮೇಲಿನಿಂದ ನೆಟ್ಟಗೆ ಚುಚ್ಚಿದೆ. ಟಣ್ ಅಂತು. "ಮುಗೀತು. ನೀ ಈಗ ಇಲ್ಲ" ಅಂದರು. ಮುಖದಲ್ಲಿ ನಗು ಇರಲಿಲ್ಲ.

ಆಮೇಲೆ ತಾವೇ ಹೊಟ್ಟೆ ಮೇಲೆ ಮಲಗಿ ತೋರಿಸಿದರು. ಸಲಾಕೆಯನ್ನು ಓರೆಯಾಗಿ ಹಿಡಿಯಬೇಕು, ಸುಮಾರು 30 ಡಿಗ್ರಿ. ಹಾಗೆ ಮೆಲ್ಲಗೆ ತಳ್ಳಿದರೆ ಮೊನೆ ಮೈನಿನ ಪಕ್ಕಕ್ಕೆ ತಾಗುತ್ತದೆ, ನೆತ್ತಿಗೆ ತಾಗೋದಿಲ್ಲ. ನೆತ್ತಿ ಮೇಲೆ ಭಾರ ಬಿದ್ದರೆ ಸಿಡಿಯುತ್ತದೆ. ಒಂದು ಸಲ ಚುಚ್ಚು, ಸ್ವಲ್ಪ ಸರಿ, ಮತ್ತೊಂದು ಸಲ ಚುಚ್ಚು. ಏನಾದರೂ ತಾಗಿದರೆ ಬೆರಳಿನಿಂದ ಮಣ್ಣು ಬಿಡಿಸು. ಹಿಂದೆ ಬರುವವರಿಗೆ ಗೊತ್ತಾಗಲಿ ಅಂತ ಎರಡೂ ಬದಿಗೆ ಬಿಳಿ ಪಟ್ಟಿ ಎಳೆ. ಟ್ಯಾಂಕಿನ ಮುಂದೆ ಟ್ರಾಲ್ ಅಂತ ಕಬ್ಬಿಣದ ಉರುಳೆ ಕಟ್ಟಿ ಮೈನ್ ಸಿಡಿಸುವುದೂ ಉಂಟು. ಆದರೆ ಎಲ್ಲ ಕಡೆ ಅದು ನಡೆಯೋದಿಲ್ಲ, ಕೊನೆಗೆ ಮನುಷ್ಯನ ಕೈಯೇ ಬೇಕು ಅಂದರು. ನಾವು ಆ ರಾಶಿಯಲ್ಲಿ ಸಂಜೆವರೆಗೂ ಮುಚ್ಚಳ ಹುಡುಕಿದೆವು. ಗಾರೆಯವನು ಬೈದ ಮೇಲೆಯೇ ಎದ್ದಿದ್ದು.

1971ರ ಯುದ್ಧ ಅಂದರೆ ನಿಮ್ಮ ಪಾಠದಲ್ಲಿ ಬರೋದು ಢಾಕಾ, ಡಿಸೆಂಬರ್ 16, ಶರಣಾದ 93,000 ಜನ. ಅದು ಪೂರ್ವದ ಕಡೆಯದು. ಅಜ್ಜ ಇದ್ದದ್ದು ಪಶ್ಚಿಮದಲ್ಲಿ, ಪಾಕಿಸ್ತಾನದ ಶಕರ್‌ಗಢದ ಬಳಿ, ಬಸಂತರ್ ನದಿಯ ಹತ್ತಿರ. ಆ ನದಿ ದಾಟಬೇಕಾದರೆ ಮೈನ್ ತುಂಬಿದ ಅಗಲವಾದ ನೆಲವನ್ನು ದಾಟಬೇಕಿತ್ತು. ಡಿಸೆಂಬರ್ 15ರ ರಾತ್ರಿ ಎಂಜಿನಿಯರ್ ಪಡೆಯವರು ಅಲ್ಲಿ ಟ್ಯಾಂಕುಗಳಿಗೆ ದಾರಿ ಬಿಡಿಸುತ್ತಿದ್ದರು. ಕೆಲಸ ಪೂರ್ತಿ ಆಗಿರಲಿಲ್ಲ. ಅಷ್ಟರಲ್ಲಿ ಆಚೆ ದಡದಲ್ಲಿದ್ದ ನಮ್ಮ ಕಾಲಾಳುಗಳ ಮೇಲೆ ಶತ್ರು ಟ್ಯಾಂಕುಗಳು ಬರುತ್ತಿವೆ ಅಂತ ಗೊತ್ತಾಗಿ, ಪೂನಾ ಹಾರ್ಸ್ ಅನ್ನೋ ನಮ್ಮ ಟ್ಯಾಂಕ್ ರೆಜಿಮೆಂಟಿನ ಟ್ಯಾಂಕುಗಳು ಅರ್ಧ ಬಿಡಿಸಿದ ದಾರಿಯಲ್ಲೇ ನುಗ್ಗಿಬಿಟ್ಟವು. ಮರುದಿನದ ಕಾಳಗದಲ್ಲಿ ಅದೇ ರೆಜಿಮೆಂಟಿನ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್ ತೀರಿಕೊಂಡರು. ಪರಮವೀರ ಚಕ್ರ ಬಂತಲ್ಲ, ಅವರೇ. ಅವರಿಗೆ 21 ವರ್ಷ, ಅಜ್ಜನಿಗೆ 23. ಎಂಜಿನಿಯರ್‌ಗಳ ಪೈಕಿ ಮೇಜರ್ ವಿಜಯ್ ರತನ್ ಚೌಧರಿ ಮೈನ್ ತೆಗೆಸುವ ಕೆಲಸದಲ್ಲಿದ್ದಾಗಲೇ ಸತ್ತರು. ಅವರಿಗೆ ಮಹಾವೀರ ಚಕ್ರ ಬಂತು.

ಅಜ್ಜ ಈ ಇಬ್ಬರ ಜೊತೆಯೂ ಒಂದು ಮಾತು ಆಡಿದವರಲ್ಲ. ಆದರೂ ಪ್ರತಿ ವರ್ಷ ಡಿಸೆಂಬರ್ 16ರ ರಾತ್ರಿ ಮನೆಯ ಪ್ರಾರ್ಥನೆಯಲ್ಲಿ ಎರಡೂ ಹೆಸರು ಹೇಳುತ್ತಿದ್ದರು. ಆಮೇಲೆ "ಆಚೆಕಡೆ ಸತ್ತವರ ತಾಯಂದಿರನ್ನೂ ನೆನಸು ಕರ್ತನೇ" ಅನ್ನುತ್ತಿದ್ದರು. ನಿನಗೆ ನೆನಪಿರಬೇಕು. ಕ್ರಿಸ್‌ಮಸ್ ರಜೆಗೆ ಬಂದಾಗ ನೀನೂ ಕೇಳಿದ್ದೀಯ.

ನೀನು ಎರಡನೇ ಇಯತ್ತೆಯಲ್ಲಿದ್ದಾಗ ಒಂದು ದಿನ ಊಟಕ್ಕೆ ಕೂತಲ್ಲೇ ಕೇಳಿಬಿಟ್ಟೆ, "ಅಜ್ಜ, ನೀವು ಎಷ್ಟು ಜನರನ್ನು ಕೊಂದ್ರಿ?" ನಾನು ಗದರಿಸೋಕೆ ಹೋದೆ. ಅಜ್ಜ ಕೈ ಎತ್ತಿ ತಡೆದರು. ತಟ್ಟೆ ಪಕ್ಕಕ್ಕಿಟ್ಟು ದೊಡ್ಡವರಿಗೆ ಹೇಳುವ ಹಾಗೆ ನಿನಗೆ ಹೇಳಿದರು. "ನಾನು ಯಾರಿಗೂ ಗುಂಡು ಹೊಡೀಲಿಲ್ಲವ್ವ. ನಾ ದಾರಿ ಮಾಡಿಕೊಟ್ಟೆ. ಆ ದಾರಿಯಾಗ ಹೋದವರು ಹೊಡದರು, ಸತ್ತರು. ಅದಕ್ಕ ನನ್ನ ಕೈ ಸ್ವಚ್ಛ ಅಂತ ನಾ ಹೇಳಾಂಗಿಲ್ಲ." ನಿನಗೆ ಅದು ಅರ್ಥ ಆಗಲಿಲ್ಲ, ಮತ್ತೊಂದು ರೊಟ್ಟಿ ಕೇಳಿದೆ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಭಾನುವಾರ ನೀನು ಯುದ್ಧದ ವಿಷಯ ಎತ್ತಿದರೆ ಈ ಮಾತನ್ನು ಬಿಡಬೇಡ. ಕೆಲವರಿಗೆ ಕಸಿವಿಸಿ ಆಗಬಹುದು. ಆಗಲಿ. ಆ ಯುದ್ಧಕ್ಕೆ ಬಂದ ಪದಕಗಳು, ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್, ಎರಡೂ ಗೋಡೆ ಮೇಲಿವೆ, ಬಂದವರು ನೋಡುತ್ತಾರೆ. ಈ ಮಾತು ಗೋಡೆ ಮೇಲಿಲ್ಲ, ನೀನು ಹೇಳಿದರೆ ಉಂಟು.

ಅಜ್ಜನ ಚರ್ಚಿನ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆತನದ್ದು ಬಾಸೆಲ್ ಮಿಷನ್ ಸಭೆ, ಸ್ವಿಟ್ಜರ್ಲೆಂಡಿನಿಂದ ಬಂದ ಪ್ರೊಟೆಸ್ಟೆಂಟ್ ಮಿಷನ್‌ನದ್ದು. ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಧಾರವಾಡಕ್ಕೆ 1837ರಲ್ಲಿ. ಆಮೇಲೆ ಹುಬ್ಬಳ್ಳಿ, ಬೆಟಗೇರಿ. ಅಜ್ಜನ ಮುತ್ತಜ್ಜ ಮಗ್ಗದ ಕುಣಿಯಿಂದ ಎದ್ದು ಹೋಗಿ ದೀಕ್ಷಾಸ್ನಾನ ತಗೊಂಡರು ಅಂತ ಮನೆಯಲ್ಲಿ ಹೇಳುತ್ತಾರೆ. ಹಾಗಾಗಿ ಚರ್ಚು ಅಜ್ಜನಿಗೆ ಹುಟ್ಟಿನಿಂದ ಬಂದದ್ದು. ಆದರೆ ಯುದ್ಧದಿಂದ ಬಂದ ಮೇಲೆ ಅವರು ಚರ್ಚಿಗೆ ಹೋದ ರೀತಿಯೇ ಬೇರೆ ಆಯ್ತು ಅಂತ ಅಜ್ಜಿ ಹೇಳುತ್ತಾರೆ. ಮೊದಲು ಅಭ್ಯಾಸಕ್ಕೆ ಹೋಗುತ್ತಿದ್ದವರು, ಆಮೇಲೆ ಬೇಕು ಅಂತ ಹೋದರು.

ಕಡೆಯ ಬೆಂಚು, ಬಾಗಿಲ ಪಕ್ಕ. ಅದೇ ಅವರ ಜಾಗ. ಗಂಟೆ ಹೊಡೆಯುವ ಮೊದಲೇ ಹೋಗಿ ಕಿಟಕಿ ತೆರೆಯೋರು. ಮಳೆಗಾಲದಲ್ಲಿ ಮೆಟ್ಟಿಲು ಒರೆಸೋರು, ವಯಸ್ಸಾದವರು ಜಾರಬಾರದು ಅಂತ. ರಾಗ ಅಷ್ಟಕ್ಕಷ್ಟೇ, ದನಿ ಮಾತ್ರ ದೊಡ್ಡದು. ಹಿಂದಿನಿಂದ ಆ ದನಿ ಕೇಳಿದರೆ ನನಗೆ ಭಾನುವಾರ ಆಯ್ತು ಅನ್ನಿಸುತ್ತಿತ್ತು.

ಸಂಸ್ಕಾರದ ಭಾನುವಾರದ ಬಗ್ಗೆ, ಅಂದರೆ ಚರ್ಚಿನಲ್ಲಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತಗೊಳ್ಳುವ ಭಾನುವಾರದ ಬಗ್ಗೆ, ನಿನಗೆ ಹೇಳಲೇಬೇಕು. ಕಾಣಿಕೆ ಕೊಡೋಕೆ ಬಂದವನಿಗೆ ಸಹೋದರನ ಜೊತೆ ಮನಸ್ತಾಪ ಇದ್ದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿ ಆಗಬೇಕು ಅಂತ ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿದೆ. ಎಲ್ಲರೂ ಓದುತ್ತೇವೆ. ಅಜ್ಜ ಅದನ್ನು ಆರ್ಡರ್ ಬಂದ ಹಾಗೆ ಪಾಲಿಸುತ್ತಿದ್ದರು. ಪಕ್ಕದ ಮನೆಯವರ ಜೊತೆ ಗಟಾರದ ನೀರಿನ ಸಲುವಾಗಿ ಜಗಳ ಇತ್ತು. ಬಗೆಹರಿಯೋದು, ಮತ್ತೆ ಶುರುವಾಗೋದು. ಸಂಸ್ಕಾರದ ಹಿಂದಿನ ಶನಿವಾರ ರಾತ್ರಿ ಅಜ್ಜ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅವರ ಮನೆಗೆ ಹೋಗೋರು. ಅವರು ಕ್ರೈಸ್ತರಲ್ಲ. ಸಂಸ್ಕಾರ ಅಂದರೇನು ಅಂತ ಅವರಿಗೆ ಗೊತ್ತಿರಲಿಲ್ಲ. ತಿಂಗಳಿಗೊಮ್ಮೆ ಹವಾಲ್ದಾರರು ಬಂದು "ತಪ್ಪಿದ್ರ ಕ್ಷಮಿಸ್ರಿ" ಅಂತ ಹೇಳಿ ಚಹಾ ಕುಡಿದು ಹೋಗುತ್ತಾರೆ ಅನ್ನೋದಷ್ಟೇ ಗೊತ್ತು. ಕೊನೆಗೆ ಆ ಮನೆಯ ಯಜಮಾನರೇ ಖರ್ಚು ಹಾಕಿ ಗಟಾರಕ್ಕೆ ಪೈಪು ಹಾಕಿಸಿದರು. ಮಣ್ಣಿನ ದಿನ ಪೆಟ್ಟಿಗೆಗೆ ಮೊದಲು ಹೆಗಲು ಕೊಟ್ಟದ್ದು ಅವರ ಮಗ. ಅವನನ್ನು ಕೂಟಕ್ಕೆ ಕರೆದಿದ್ದೇನೆ.

ಇನ್ನು ಸಂಸಾರ. ಅಜ್ಜ ಸೈನ್ಯದಲ್ಲಿದ್ದಷ್ಟು ಕಾಲ ಮನೆಯಲ್ಲಿದ್ದದ್ದು ವರ್ಷಕ್ಕೆ ಎರಡು ತಿಂಗಳ ರಜೆ ಮಾತ್ರ. ಹಾಗಿದ್ದೂ ಅವರನ್ನು ಮನೆ ಮನುಷ್ಯ ಅಂತ ಹೇಗೆ ಹೇಳೋದು ಅಂತ ಯಾರಾದರೂ ಕೇಳಿದರೆ, ಅಜ್ಜಿಯ ಟ್ರಂಕು ತೆಗೆದು ತೋರಿಸು. ಮದುವೆಯಾದಾಗ ಅಜ್ಜಿಗೆ ಅಕ್ಷರ ಕೂಡಿಸಿ ಓದೋದು ಕಷ್ಟ ಇತ್ತು. ಗಂಡನ ಕಾಗದವನ್ನು ಬೇರೆಯವರಿಂದ ಓದಿಸಿಕೊಳ್ಳೋಕೆ ನಾಚಿಕೆ. ಅದಕ್ಕೆ ಅಜ್ಜ ಮೊದಮೊದಲು ದೊಡ್ಡ ದೊಡ್ಡ ಅಕ್ಷರದಲ್ಲಿ, ಒತ್ತಕ್ಷರ ಕಡಿಮೆ ಇರುವ ಮಾತನ್ನೇ ಹುಡುಕಿ ಬರೆಯುತ್ತಿದ್ದರು. ಒಂದು ಪುಟಕ್ಕೆ ಆರೇಳು ಸಾಲು. ವರ್ಷ ಕಳೆದ ಹಾಗೆ ಅಕ್ಷರ ಸಣ್ಣದಾಗುತ್ತವೆ, ಸಾಲು ಜಾಸ್ತಿ ಆಗುತ್ತವೆ. ಟ್ರಂಕಿನ ಕಾಗದಗಳನ್ನು ತಾರೀಕಿನ ಪ್ರಕಾರ ಇಟ್ಟು ನೋಡಿದರೆ ಅಜ್ಜಿ ಓದು ಕಲಿತದ್ದು ಕಣ್ಣಿಗೆ ಕಾಣುತ್ತದೆ.

ಕಾಗದದ ಮೇಲೆ ಊರಿನ ಹೆಸರು ಇರುತ್ತಿರಲಿಲ್ಲ. ಹೆಸರು, ನಂಬರು, '56 ಎಪಿಒ' ಅಂತ ಸೈನ್ಯದ ಅಂಚೆಯ ನಂಬರು, ಅಷ್ಟೇ. ಗಂಡ ಎಲ್ಲಿದ್ದಾರೆ ಅಂತ ಅಜ್ಜಿಗೆ ಗೊತ್ತಾಗುತ್ತಿರಲಿಲ್ಲ. ನಿನ್ನ ಮಾವ ಹುಟ್ಟಿದ್ದು 1972ರ ಫೆಬ್ರವರಿಯಲ್ಲಿ. ಡಿಸೆಂಬರ್ 17ಕ್ಕೇ ಪಶ್ಚಿಮದಲ್ಲಿ ಗುಂಡು ನಿಂತಿತ್ತು. ಊರಿನವರು ಯುದ್ಧ ಮುಗೀತಲ್ಲ, ಇನ್ನೂ ಯಾಕೆ ಬರಲಿಲ್ಲ ಅಂತ ಅಜ್ಜಿಯನ್ನು ಕೇಳೋರು. ಸ್ಯಾಪರ್‌ಗಳಿಗೆ ಯುದ್ಧ ಮುಗಿಯೋದು ತಡ. ಹೂತ ಮೈನ್‌ಗಳಿಗೆ ಕದನ ವಿರಾಮ ಗೊತ್ತಾಗೋದಿಲ್ಲ. ರೈತರು ಹೊಲಕ್ಕೆ ಮರಳುವ ಮೊದಲು ಅವನ್ನೆಲ್ಲ ತೆಗೆಯಬೇಕು. ರಜೆ ಸಿಕ್ಕಿ, ಪಠಾಣ್‌ಕೋಟ್‌ನಿಂದ ಹೊರಟು ಸೊಲ್ಲಾಪುರದಲ್ಲಿ ಸಣ್ಣ ಗಾಡಿ ಹಿಡಿದು ಗದಗಿಗೆ ಬಂದು ಇಳಿದಾಗ ಮಾವ ಗೋಡೆ ಹಿಡಿದು ನಿಲ್ಲುತ್ತಿದ್ದ. ಅಪರಿಚಿತರು ಅಂತ ಅತ್ತನಂತೆ. ಆ ರಜೆ ಪೂರ್ತಿ ಮಗುವಿನ ಬಟ್ಟೆ ಒಗೆದದ್ದು ಅಜ್ಜ. ಗಂಡಸು ಕಲ್ಲಿನ ಮೇಲೆ ಬಟ್ಟೆ ಕುಕ್ಕುತ್ತಾನೆ ಅಂತ ಓಣಿಯವರು ಆಡಿಕೊಂಡರು. ಅಜ್ಜ ತಲೆ ಕೆಡಿಸಿಕೊಳ್ಳಲಿಲ್ಲ.

ಬ್ಯಾಂಕಿನಲ್ಲಿ ಸೆಕ್ಯುರಿಟಿ ಗಾರ್ಡ್ ಆಗಿದ್ದ ವರ್ಷಗಳು ನಿನಗೆ ಗೊತ್ತೇ ಇವೆ. ಆ ಸಂಬಳದಲ್ಲೇ ನಾನು ಓದಿದ್ದು.

ಒಂದು ವಿಷಯ ನನಗೂ ಮೊನ್ನೆಯಷ್ಟೇ ಗೊತ್ತಾಯ್ತು. ಮಣ್ಣಾದ ಮರುವಾರ ಅಜ್ಜಿಯ ಫ್ಯಾಮಿಲಿ ಪೆನ್ಷನ್‌ಗೆ ಕಾಗದ ಹುಡುಕೋಕೆ ಕೂತೆ. ಸತ್ಯವೇದ ಇಡುವ ಕಪಾಟಿನಲ್ಲೇ ಒಂದು ಫೈಲು ಇತ್ತು. ಡಿಸ್ಚಾರ್ಜ್ ಬುಕ್, ಪೆನ್ಷನ್ ಆರ್ಡರ್, ಇಬ್ಬರ ಜಂಟಿ ಫೋಟೋ, ಬ್ಯಾಂಕ್ ಪಾಸ್‌ಬುಕ್ಕಿನ ಝೆರಾಕ್ಸ್. ಮೇಲೊಂದು ಚೀಟಿ, ಯಾವ ಕಾಗದ ಯಾವ ಆಫೀಸಿಗೆ ಅಂತ. ಸೈನ್ಯದ ದಾಖಲೆಯಲ್ಲಿ ಅಜ್ಜಿಯ ಹೆಸರು ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ ಇತ್ತಂತೆ. ಹೀಗೆ ಹೆಸರು ಕೂಡದೆ ಎಷ್ಟೋ ಸೈನಿಕರ ಹೆಂಡಂದಿರು ವರ್ಷಗಟ್ಟಲೆ ಅಲೆಯುತ್ತಾರೆ. ಅಜ್ಜ ಮಂಡಿ ನೋವು ಇಟ್ಟುಕೊಂಡು, ಯಾರಿಗೂ ಹೇಳದೆ, ಬೆಂಗಳೂರಿನ ರೆಕಾರ್ಡ್ ಆಫೀಸಿಗೆ ಓಡಾಡಿ ಅದನ್ನು ಸರಿ ಮಾಡಿಸಿದ್ದಾರೆ. ಹೆಸರು ತಿದ್ದಿದ ಸೈನ್ಯದ ಆದೇಶ, ಪಾರ್ಟ್ ಟೂ ಆರ್ಡರ್ ಅಂತಾರೆ, ಅದರ ಪ್ರತಿ ಅದೇ ಫೈಲಿನಲ್ಲಿದೆ. ಹಳೆಯ ಸ್ನೇಹಿತರನ್ನು ನೋಡಿ ಬರ್ತೀನಿ ಅಂತ ಹೇಳಿ ಹೋಗುತ್ತಿದ್ದರಲ್ಲ, ಅದು ಇದಕ್ಕೆ. ಅರ್ಜಿ ಕೊಟ್ಟೆ, ಒಂದೇ ಸಲಕ್ಕೆ ತಗೊಂಡರು. ನಾನು ಆಫೀಸಿನ ಹೊರಗೆ ಬಂದು ಅತ್ತೆ.

ನೀನು ಶನಿವಾರವೇ ಬಂದುಬಿಡು. ಅಜ್ಜಿಗೆ ಕಣ್ಣಿನ ಆಪರೇಷನ್ ಆದ ಮೇಲೆ ಸಣ್ಣ ಅಕ್ಷರ ಓದೋಕೆ ಆಗುತ್ತಿಲ್ಲ. ಕಾಗದಗಳನ್ನು ಯಾರಾದರೂ ಓದಿ ಹೇಳಿ ಅಂತಾರೆ. ನಾನು ಓದೋಕೆ ಹೋದರೆ "ನೀ ಬ್ಯಾಡ, ನೀ ಅಳ್ತಿ, ಆಕಿ ಬರ್ಲಿ" ಅಂದರು. ಯಾವ ಕಾಗದ ಓದಬೇಕು ಅಂತ ಅವರೇ ಆರಿಸಲಿ. ಕೂಟದಲ್ಲಿ ಒಂದನ್ನು ಓದೋಣ ಅಂತ ನಿನ್ನ ಮಾವ ಹೇಳುತ್ತಿದ್ದಾನೆ, ಅಜ್ಜಿ ಒಪ್ಪಿದರೆ ಮಾತ್ರ. ಅವು ಅಜ್ಜಿಗೆ ಬಂದ ಕಾಗದಗಳು.

ನಿನ್ನ ಅಮ್ಮ