ಮಗಳಿಗೊಂದು ಪತ್ರ: ಈ ಮನೆ ನಾವು ಯಾಕೆ ಮಾರುವುದಿಲ್ಲ

ಪ್ರೀತಿಯ ಪುಟ್ಟಿ,

ಭಾನುವಾರ ಫೋನಿನಲ್ಲಿ ನೀನು ಕೇಳಿದೆ. "ಅಮ್ಮಾ, ಈಗ ನಾನು ಮನೆಯಲ್ಲಿಲ್ಲ. ಇಬ್ಬರಿಗೆ ಅಷ್ಟು ದೊಡ್ಡ ಮನೆ ಯಾಕೆ? ಮಾರಿಬಿಡಿ. ಲಂಡನ್ ಹತ್ತಿರ ಬನ್ನಿ, ಅಲ್ಲಿ ನಮ್ಮವರೂ ಇದ್ದಾರೆ" ಅಂದೆ. ನಾನು ಆಗ ಏನೂ ಹೇಳಲಿಲ್ಲ. ಪಕ್ಕದಲ್ಲೇ ಕೂತಿದ್ದ ಅಪ್ಪನೂ ಮಾತಾಡಲಿಲ್ಲ. ಫೋನಿಟ್ಟ ಮೇಲೆ ಇಬ್ಬರೂ ಜಾಕೆಟ್ ಹಾಕಿಕೊಂಡು ಕಡಲ ತನಕ ಹೋಗಿ ಬಂದೆವು. ಇದಕ್ಕೆ ಬರೆದೇ ಉತ್ತರ ಕೊಡಬೇಕು ಅನ್ನಿಸಿತು. ನೀನು ಕನ್ನಡ ಓದುವುದು ನಿಧಾನ ಅಂತ ಗೊತ್ತು. ನಿಧಾನವಾಗಿಯೇ ಓದು.

ನಿನಗೆ ನಾಲ್ಕು ವರ್ಷ ಆಗುವವರೆಗೆ ನಾವು ಲಂಡನ್ನಿನ ಕ್ರಾಯ್ಡನ್ನಿನಲ್ಲಿ ಇದ್ದೆವು. ಮೂರನೇ ಮಹಡಿ, ಕೆಳಗೆ ದೊಡ್ಡ ರಸ್ತೆ. ರಾತ್ರಿ ಡ್ಯೂಟಿ ಮುಗಿಸಿ ನಾನು ಬಂದಾಗ ನೀನು ಎಷ್ಟೋ ಸಲ ಕಿಟಕಿಯ ಹತ್ತಿರ ಕೂತು ಬಸ್ಸು ಎಣಿಸುತ್ತಿದ್ದೆ. 2011ರಲ್ಲಿ ನನಗೆ ಸಸೆಕ್ಸ್ ಕರಾವಳಿಯ ವರ್ದಿಂಗ್‌ನಲ್ಲಿ ನರ್ಸ್ ಕೆಲಸ ಸಿಕ್ಕಿತು. ಮನೆ ನೋಡಲು ಅದರ ಪಕ್ಕದ ಗೋರಿಂಗ್-ಬೈ-ಸೀಗೆ ಬಂದದ್ದು ಒಂದು ಮಾರ್ಚ್ ತಿಂಗಳ ಶನಿವಾರ.

ಸ್ಟೇಷನ್ನಿನಿಂದ ಕಡಲಿಗೆ ನಡೆದುಕೊಂಡೇ ಹೋದೆವು. ತಗ್ಗು ಮನೆಗಳು, ಕತ್ತರಿಸಿದ ಬೇಲಿ ಗಿಡಗಳು, ಹುಲ್ಲು. ದಾರಿಯಲ್ಲಿ ಒಂದು ನಾಯಿ, ಅದರ ಹಿಂದೆ ಒಬ್ಬ ಮುದುಕರು, ಅಷ್ಟೇ. ನನಗೆ ಹೆದರಿಕೆಯಾಯಿತು. ನಮ್ಮೂರಲ್ಲಿ ಬೀದಿ ಅಷ್ಟು ಸುಮ್ಮನಿದ್ದರೆ ಯಾರದೋ ಮನೆಯಲ್ಲಿ ಏನೋ ಆಗಿದೆ ಅಂತಲೇ ಅರ್ಥ. ಇಲ್ಲಿ ಮಗುವನ್ನು ಬೆಳೆಸುವುದು ಹೇಗೆ ಅಂತ ಅಪ್ಪನನ್ನು ಕೇಳಿದೆ. ಅವರು ಶಾಲೆ ಹತ್ತಿರ ಇದೆ, ಆಸ್ಪತ್ರೆಗೆ ಬಸ್ಸಿದೆ ಅಂತ ಲೆಕ್ಕ ಹೇಳಿದರು.

ಕಡಲ ಮುಂದಿನ ಅಗಲವಾದ ಹುಲ್ಲಿನ ಬಯಲು ದಾಟಿದರೆ ಬರೀ ಕಲ್ಲು. ಮೊಟ್ಟೆಯಷ್ಟು, ಗೋಲಿಯಷ್ಟು ನುಣುಪಾದ ಕಲ್ಲುಗಳು. ಗಂಗೊಳ್ಳಿಯ ಮರಳಿನಲ್ಲಿ ಓಡಿ ಬೆಳೆದ ನನಗೆ ಇದೆಂಥ ಕಡಲು ಅನ್ನಿಸಿತು. ನಿನ್ನನ್ನು ಮಡಿಲಲ್ಲಿ ಕೂರಿಸಿಕೊಂಡು ಕಲ್ಲಿನ ಮೇಲೆ ಕೂತೆ. ಒಂದು ತೆರೆ ಬಂತು, ಹಿಂದಕ್ಕೆ ಹೋಯಿತು. ಹೋಗುವಾಗ ಸಾವಿರಾರು ಕಲ್ಲುಗಳನ್ನು ಉರುಳಿಸಿಕೊಂಡು ಹೋಯಿತು. ಆ ಸದ್ದು ನನಗೆ ಗೊತ್ತಿದ್ದ ಸದ್ದು. ಬೆಳಗ್ಗೆ ಜಗಲಿಯಲ್ಲಿ ಅಮ್ಮಮ್ಮ ಗೆರಸೆಯಲ್ಲಿ ಅಕ್ಕಿ ಕೇರುತ್ತಿದ್ದ ಸದ್ದು. ಶಾಲೆ, ಬಸ್ಸು, ಬೆಲೆ ಎಲ್ಲ ಅಪ್ಪ ನೋಡಿಕೊಂಡರು. ನಾನು ಮನೆಗೆ ಹೂಂ ಅಂದದ್ದು ಆ ಸದ್ದು ಕೇಳಿ.

ಮಧ್ಯಾಹ್ನ ನೀರು ಇಳಿಯಿತು. ನಮ್ಮ ಗಂಗೊಳ್ಳಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ಅಷ್ಟೊಂದು ವ್ಯತ್ಯಾಸ ಕಾಣುವುದಿಲ್ಲ. ಇಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ನೀರು ಐದು ಮೀಟರಿಗೂ ಜಾಸ್ತಿ ಇಳಿಯುತ್ತದೆ. ಕಲ್ಲಿನ ಆಚೆ ಮರಳು ಕಾಣಿಸಿತು. ನೀನು ಬೂಟು ಕಳಚಿ ಓಡಿದೆ. ಆ ಚಳಿಯಲ್ಲಿ!

ಇನ್ನೊಂದು ಮಾತು, ಇದನ್ನು ಮೊದಲೇ ಹೇಳಬೇಕಿತ್ತು. ಹದಿನೈದನೇ ವಯಸ್ಸಿನಲ್ಲಿ ನೀನು ಬಾಗಿಲು ಬಡಿದು "ಈ ಊರಲ್ಲಿ ಏನೂ ಆಗೋದಿಲ್ಲ" ಅಂತ ಅತ್ತಿದ್ದೆ. ಸಂಜೆಯಾದರೆ ಅಂಗಡಿ ಮುಚ್ಚುತ್ತಿದ್ದವು. ಗೆಳತಿಯರೆಲ್ಲ ಬ್ರೈಟನ್‌ಗೆ ಹೋದರೆ ನೀನು 700ನೇ ನಂಬರಿನ ಬಸ್ಸು ತಪ್ಪೀತು ಅಂತ ಹೆದರಿ ಬೇಗ ವಾಪಸ್ ಬರಬೇಕಿತ್ತು. ತರಗತಿಯಲ್ಲಿ ಕನ್ನಡ ಬಿಡು, ನಿನ್ನ ಬಣ್ಣದವರೇ ಒಬ್ಬಿಬ್ಬರು. ಆಗ ನಾನು "ಎಷ್ಟು ಜನರಿಗೆ ಕಡಲ ಪಕ್ಕ ಮನೆ ಸಿಗುತ್ತೆ" ಅಂತ ಗದರಿದೆ. ಅದು ಸರಿಯಲ್ಲ. ನಮಗೆ ಹಿತವಾಗಿದ್ದ ಮೌನ ನಿನಗೆ ಜಾಸ್ತಿಯಾಗಿತ್ತು. ನೀನು ಒಂಟಿಯಾಗಿದ್ದೆ ಅನ್ನುವುದು ನನಗೆ ಕಾಣುತ್ತಿತ್ತು, ಕಂಡರೂ ಒಪ್ಪಿಕೊಳ್ಳಲಿಲ್ಲ. ಕ್ಷಮಿಸು ಮಗಳೇ.

ಆದರೆ ಏನೂ ಆಗುವುದಿಲ್ಲ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಬೇಸಿಗೆಯಲ್ಲಿ ದಡಕ್ಕೆ ಕಡಲ ಪಾಚಿ ರಾಶಿ ರಾಶಿ ಬಂದು ಕೊಳೆಯುತ್ತದಲ್ಲ, ಇಡೀ ವರ್ದಿಂಗ್ ಮೂಗು ಮುಚ್ಚಿಕೊಳ್ಳುತ್ತದೆ. ನನಗೆ ಮಾತ್ರ ಒಣಮೀನು ಹರವಿದ ನಮ್ಮೂರ ದಡ ನೆನಪಾಗುತ್ತದೆ. ಅಪ್ಪನಿಗೆ ಇದನ್ನು ಹೇಳಿದರೆ ಅರ್ಥವಾಗುವುದಿಲ್ಲ, ಅವರು ಘಟ್ಟದ ಮೇಲಿನವರು. ಈ ದಡದ ಎದುರಿಗೆ ಒಂದು ಕಾಲದಲ್ಲಿ ನೀರಿನೊಳಗೆ ಕಾಡೇ ಇತ್ತಂತೆ. ಕೆಲ್ಪ್ ಎಂಬ ಉದ್ದುದ್ದ ಎಲೆಯ ಕಡಲ ಪಾಚಿಯ ಕಾಡು, ಸೆಲ್ಸಿಯಿಂದ ಶೋರಮ್‌ವರೆಗೆ ಸುಮಾರು 40 ಕಿಲೋಮೀಟರ್. 1987ರ ಅಕ್ಟೋಬರಿನ ದೊಡ್ಡ ಬಿರುಗಾಳಿ ಅದನ್ನು ಕಿತ್ತಿತು. ಉಳಿದದ್ದನ್ನು ತಳ ಗೋರುವ ಟ್ರಾಲ್ ಬಲೆಗಳು ಏಳಲು ಬಿಡಲಿಲ್ಲ. ಹೆಚ್ಚುಕಡಿಮೆ ಎಲ್ಲವೂ ಹೋಯಿತು. 2021ರಲ್ಲಿ ಸಸೆಕ್ಸ್ ಕರಾವಳಿಯ 300 ಚದರ ಕಿಲೋಮೀಟರಿಗೂ ಜಾಸ್ತಿ ಜಾಗದಲ್ಲಿ ಟ್ರಾಲಿಂಗ್ ನಿಲ್ಲಿಸಿದರು. ಕಾಡು ಮತ್ತೆ ಬೆಳೆಯಲಿ ಅಂತ ಕಾಯುತ್ತಿದ್ದಾರೆ.

ಇದನ್ನು ಓದಿದ ದಿನ ನನಗೆ ಅಜ್ಜಯ್ಯ ನೆನಪಾದರು. ನಮ್ಮಲ್ಲಿ ಮಳೆಗಾಲದಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ, ಈಗ ಅದು ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ನಾನು ಚಿಕ್ಕವಳಿದ್ದಾಗ ಆ ದಿನಗಳಲ್ಲಿ ಮನೆಯಲ್ಲಿ ಕಾಸಿರುತ್ತಿರಲಿಲ್ಲ. ಆದರೂ ಅಜ್ಜಯ್ಯ ಒಂದು ದಿನವೂ ಅದನ್ನು ಬೈದವರಲ್ಲ. "ಕಡಲಿಗೂ ಬಾಣಂತನ ಬೇಡ್ವಾ" ಅನ್ನುತ್ತಿದ್ದರು. ಗೋರಿಂಗ್‌ನ ದಡದಲ್ಲಿ ನಿಂತು ಸುಮ್ಮನಿರುವ ಆ ನೀರನ್ನು ನೋಡುವಾಗ ನನಗೆ ಆ ಮಾತೇ ಕೇಳಿಸುತ್ತದೆ.

ಪಕ್ಕದೂರು ಫೆರಿಂಗ್ ಕಡೆಯ ಹೊಲಗಳದ್ದೂ ಒಂದು ಕಥೆ ಇದೆ. ಎರಡೂ ಊರಿನ ನಡುವೆ ಉಳಿದಿರುವ ಬಯಲು ಅದು, ಗೋರಿಂಗ್ ಗ್ಯಾಪ್. ಚಾಟ್ಸ್‌ಮೋರ್ ಫಾರ್ಮ್‌ನಲ್ಲಿ 475 ಮನೆ ಕಟ್ಟಲು ಅರ್ಜಿ ಬಂದಾಗ ಕೌನ್ಸಿಲ್ ಬೇಡ ಅಂದಿತು. ವಿಷಯ ಕೋರ್ಟಿನವರೆಗೂ ಹೋಯಿತು. ನಮ್ಮ ಬೀದಿಯ ಕಿಟಕಿಗಳಲ್ಲೆಲ್ಲ ಪೋಸ್ಟರ್ ಇದ್ದವು, ನೆನಪಿದೆಯಾ? ನಾವು ಅಂಟಿಸಲಿಲ್ಲ. ಆ ಹೊಲ ನನಗೂ ಬೇಕು. ಸಂಜೆ ಅದರ ಮೇಲೆ ಬೆಳಕು ಬೀಳುವುದನ್ನು ನೋಡಿದವಳು ನಾನು. ಆದರೆ ನನ್ನ ವಾರ್ಡಿನ ಹುಡುಗಿಯರು, ಕೇರಳದವರು, ಫಿಲಿಪ್ಪೀನ್ಸಿನವರು, ಒಂದೊಂದು ರೂಮಿಗೆ ಎಷ್ಟು ಬಾಡಿಗೆ ಕೊಡುತ್ತಾರೆ ಅಂತಲೂ ಗೊತ್ತು. ನಾವು ಬಂದಾಗ ನಮಗೊಂದು ಮನೆ ಸಿಕ್ಕಿತು. ಅವರಿಗೆ ಎಲ್ಲಿ ಸಿಗಬೇಕು? ಇವತ್ತಿಗೂ ನನ್ನ ಹತ್ತಿರ ಇದಕ್ಕೆ ಉತ್ತರ ಇಲ್ಲ.

ನಿನಗೆ ಇಷ್ಟವಾಗಿದ್ದ ಇಂಗ್ಲಿಷ್ ಮಾರ್ಟಿರ್ಸ್ ಚರ್ಚಿಗೆ ಕಳೆದ ತಿಂಗಳು ಊರಿಂದ ಬಂದ ಸಣ್ಣಮಾವನನ್ನು ಕರೆದುಕೊಂಡು ಹೋಗಿದ್ದೆವು. ಬೋರ್ಡು ಬರೆಯುವ ಕೆಲಸದ ಗ್ಯಾರಿ ಬೆವನ್ಸ್ ವರ್ಷಗಟ್ಟಲೆ ಕೂತು, ರೋಮಿನ ವ್ಯಾಟಿಕನ್ನಿನ ಸಿಸ್ಟೈನ್ ಚಾಪೆಲ್ಲಿನ ಚಾವಣಿಯ ಚಿತ್ರಗಳನ್ನೆಲ್ಲ ಈ ಚರ್ಚಿನ ಚಾವಣಿಯಲ್ಲಿ ಬರೆದು 1993ರಲ್ಲಿ ಮುಗಿಸಿದ್ದು. ಮಾವ ಕುತ್ತಿಗೆ ನೋಯುವವರೆಗೆ ನೋಡಿದರು. ಆಮೇಲೆ ಹೈಡೌನ್ ಗಾರ್ಡನ್ಸ್. ಸುಣ್ಣಕಲ್ಲಿನ ಹಳೆಯ ಗುಂಡಿ ಅದು. ಅಲ್ಲಿ ಏನೂ ಬೆಳೆಯಲ್ಲ ಅಂತ ತಿಳಿದವರೇ ಹೇಳಿದ್ದರಂತೆ. ಫ್ರೆಡರಿಕ್ ಸ್ಟರ್ನ್ 1909ರಲ್ಲಿ ಶುರು ಮಾಡಿ ಸಾಯುವವರೆಗೆ ಚೀನಾ, ಹಿಮಾಲಯದ ಗಿಡಗಳನ್ನೆಲ್ಲ ಅಲ್ಲಿ ಬೆಳೆಸಿದರು. ಈಗ ಅದು ಊರಿನದ್ದು, ಒಳಗೆ ಹೋಗಲು ಕಾಸಿಲ್ಲ. ಮಾವ ಮಣ್ಣು ಮುಟ್ಟಿ ನೋಡಿ, "ಇಷ್ಟು ಬಿಳಿ ಮಣ್ಣಲ್ಲೂ ಬೇರು ಹಿಡಿತಾ" ಅಂದರು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಮೊದಲ ವರ್ಷ ಪಕ್ಕದ ಮನೆಯ ಅಜ್ಜಿ ಟೊಮೆಟೊ ತಂದುಕೊಟ್ಟದ್ದು ನಿನಗೆ ನೆನಪಿರಬೇಕು. ಹಿಂದೆ ವರ್ದಿಂಗ್ ಸುತ್ತ ಗಾಜಿನ ಮನೆಗಳಲ್ಲಿ ಟೊಮೆಟೊ, ದ್ರಾಕ್ಷಿ ಬೆಳೆದು ಲಂಡನ್ನಿಗೆ ಕಳಿಸುತ್ತಿದ್ದರು ಅಂತ ಹೇಳಿದವರು ಅವರೇ. ಆ ಟೊಮೆಟೊದಲ್ಲಿ ನಾನು ಸಾರು ಮಾಡಿ ಒಂದು ಪಾತ್ರೆ ಕೊಟ್ಟೆ. ಅವರು ಹೋಗಿ ಎರಡು ವರ್ಷವಾಯಿತು. ಕೊನೆಯ ಚಳಿಗಾಲದಲ್ಲಿ ದಿನಾ ರಾತ್ರಿ ಅವರ ಮಾತ್ರೆ ನೋಡಿ ಕೊಡುತ್ತಿದ್ದವಳು ನಾನು. ಈಗ ನಮ್ಮ ಅಡುಗೆಮನೆಯ ಮೊಳೆಗೆ ಈ ಬೀದಿಯ ಐದು ಮನೆಗಳ ಬೀಗದ ಕೈ ತೂಗುತ್ತಿವೆ. ಒಬ್ಬರ ಬೆಕ್ಕಿಗೆ ಊಟ, ಒಬ್ಬರ ಗಿಡಕ್ಕೆ ನೀರು. ಎದುರು ಮನೆಯ ಹೊಸ ದಂಪತಿಯ ಮಗುವಿಗೆ ಜ್ವರ ಬಂದರೆ ಮೊದಲು ನಮ್ಮ ಬಾಗಿಲು ತಟ್ಟುತ್ತಾರೆ. ಲಂಡನ್ ಹತ್ತಿರ ನಮ್ಮವರು ಇದ್ದಾರೆ, ನಿಜ. ಯುಗಾದಿಗೆ, ರಾಜ್ಯೋತ್ಸವಕ್ಕೆ ಹೋಗಿ ಬರುತ್ತೇವೆ. ಆದರೆ ಐವತ್ತು ದಾಟಿದ ಮೇಲೆ ಇನ್ನೊಂದು ಬೀದಿಯಲ್ಲಿ ಐದು ಬೀಗದ ಕೈ ಸಂಪಾದಿಸಲು ನನಗೆ ಎಷ್ಟು ವರ್ಷ ಬೇಕು ಹೇಳು? ಅದಕ್ಕೇ ಮಾರುವುದಿಲ್ಲ.

ನೀನು ವಾಪಸ್ ಬಂದು ಇಲ್ಲೇ ಇರಬೇಕು ಅಂತ ನಾನು ಹೇಳುತ್ತಿಲ್ಲ. ಶೆಫೀಲ್ಡ್ ನಿನಗೆ ಒಗ್ಗಿದೆ, ನಿನ್ನ ಧ್ವನಿಯಲ್ಲೇ ಗೊತ್ತಾಗುತ್ತದೆ. ಆದರೂ ನವೆಂಬರಿನಲ್ಲಿ ಒಂದು ರಾತ್ರಿ ಹನ್ನೊಂದಕ್ಕೆ, ನಿದ್ದೆ ಬರುತ್ತಿಲ್ಲ, ಕಡಲ ಸದ್ದು ರೆಕಾರ್ಡ್ ಮಾಡಿ ಕಳಿಸಿ ಅಂತ ಮೆಸೇಜ್ ಹಾಕಿದ್ದೆಯಲ್ಲ. ನಿನಗೆ ಗೊತ್ತಿಲ್ಲದ್ದು ಒಂದಿದೆ. ಅಪ್ಪ ಆವತ್ತು ಎರಡು ಸಲ ಹೋದರು. ಮೊದಲ ಸಲ ಬರೀ ಗಾಳಿ ಕೇಳಿಸಿತು. ಎರಡನೇ ಸಲ ಮರದ ಅಡ್ಡಗೋಡೆಯ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಕೋಟಿನೊಳಗೆ ಫೋನ್ ಹಿಡಿದು ರೆಕಾರ್ಡ್ ಮಾಡಿದರು. ಒಂದು ಗಂಟೆಗೆ ಮನೆಗೆ ಬಂದು ನನ್ನನ್ನು ಎಬ್ಬಿಸಿ, "ಕಲ್ಲು ಉರುಳುವುದು ಕೇಳುತ್ತಾ ನೋಡು" ಅಂದರು.

ಈಸ್ಟರ್ ರಜೆಗೆ ಯಾವ ರೈಲು ಅಂತ ಬರೆ. ಸ್ಟೇಷನ್ನಿಗೆ ಅಪ್ಪ ಬರುತ್ತಾರೆ. ಬರುವಾಗ ಆ ದಪ್ಪ ಕಾಲುಚೀಲ ಮರೆಯಬೇಡ, ಗಾಳಿ ಇನ್ನೂ ಕೊರೆಯುತ್ತಿದೆ. ಕೊಬ್ಬರಿ ಎಣ್ಣೆ ಬಾಟಲಿ ನಿನ್ನ ರೂಮಿನಲ್ಲಿ ಇಟ್ಟಿದ್ದೇನೆ.

ನಿನ್ನ
ಅಮ್ಮ