ಫ್ಯಾಕ್ಸಿನಲ್ಲಿ ಮುಗಿದ ಬ್ಯಾಂಡು

ಚಿರಂಜೀವಿ ಪ್ರಣವನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು. ಉಭಯ ಕುಶಲೋಪರಿ.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಬ್ಯಾಂಡಿನಲ್ಲಿ ಬೇಸ್ ಗಿಟಾರು ನುಡಿಸುವ ಹುಡುಗಿ ತಾನು ಬರೆದ ಹಾಡುಗಳಿಗೂ ಜಾಗ ಬೇಕೆನ್ನುತ್ತಿದ್ದಾಳೆ, ಅದು ನಿನಗೆ ಸರಿಬರುತ್ತಿಲ್ಲ, ಆದ್ದರಿಂದ ಬ್ಯಾಂಡನ್ನೇ ನಿಲ್ಲಿಸಿ ಇನ್ನು ಮುಂದೆ ಒಬ್ಬನೇ ಹಾಡುವುದಾಗಿ ಉಳಿದ ಮೂವರಿಗೂ ಒಂದು ಮೆಸೇಜ್ ಹಾಕಿಬಿಡುತ್ತೇನೆ ಎಂದು ಬರೆದಿದ್ದೀಯೆ. ಸಾಲದ್ದಕ್ಕೆ, ಅಮೆರಿಕದ ಪಿಕ್ಸೀಸ್ ಎಂಬ ರಾಕ್ ಬ್ಯಾಂಡೂ ಹೀಗೆಯೇ ಒಡೆದದ್ದಲ್ಲವೇ ಮಾವ, ಆದರೂ ಅವರ ಹೆಸರು ಉಳಿಯಲಿಲ್ಲವೇ ಎಂದು ನನಗೇ ತಿರುಗುಬಾಣ ಬಿಟ್ಟಿದ್ದೀಯೆ. ಅವರ ಕ್ಯಾಸೆಟ್ಟನ್ನು ನಿನ್ನ ಕೈಗಿತ್ತವನು ನಾನೇ ಆದ್ದರಿಂದ, ಅವರ ಕಥೆಯ ಅರ್ಧವನ್ನಷ್ಟೇ ಓದಿ ನೀನು ಧೈರ್ಯ ತಂದುಕೊಳ್ಳುವುದನ್ನು ತಡೆಯುವ ಹೊಣೆಯೂ ನನ್ನದೇ.

ಮೊದಲು ಅವರು ಕೂಡಿದ ಬಗೆಯನ್ನು ನೋಡು. ಮಸಾಚುಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಪರಿಚಯವಾದ ಚಾರ್ಲ್ಸ್ ಥಾಂಪ್ಸನ್ ಮತ್ತು ಜೋಯಿ ಸ್ಯಾಂಟಿಯಾಗೊ ಓದು ಬಿಟ್ಟು ಬಾಸ್ಟನ್ನಿಗೆ ಬಂದು, 1986ರಲ್ಲಿ ಬ್ಯಾಂಡು ಕಟ್ಟಲು ಹೊರಟು, ಬೇಸ್ ನುಡಿಸುವವರು ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಬರುವವರಿಗೆ ಹಸ್ಕರ್ ಡೂ ಎಂಬ ಭೋರ್ಗರೆವ ಪಂಕ್ ತಂಡವೂ, ಪೀಟರ್, ಪಾಲ್ ಆ್ಯಂಡ್ ಮೇರಿ ಎಂಬ ಮೆಲುದನಿಯ ಮೂವರು ಜನಪದ ಗಾಯಕರೂ ಒಟ್ಟಿಗೆ ಇಷ್ಟವಾಗಿರಬೇಕು ಎಂಬುದು ಅದರ ಷರತ್ತು. ಉತ್ತರ ಕೊಟ್ಟದ್ದು ಕಿಮ್ ಡೀಲ್ ಒಬ್ಬಳೇ. ಅವಳು ಅಲ್ಲಿಯವರೆಗೆ ಬೇಸ್ ನುಡಿಸಿದವಳೇ ಅಲ್ಲ, ಬರುವಾಗ ವಾದ್ಯವೂ ಕೈಯಲ್ಲಿರಲಿಲ್ಲ. ಆದರೂ ಅವಳನ್ನೇ ಸೇರಿಸಿಕೊಂಡರು. ಅವಳ ಗಂಡನ ಪರಿಚಯದ ಮೂಲಕ ಡೇವಿಡ್ ಲವರಿಂಗ್ ಡ್ರಮ್ಸಿಗೆ ಬಂದ. ಬ್ಯಾಂಡಿನ ಹೆಸರು ಸ್ಯಾಂಟಿಯಾಗೊ ನಿಘಂಟು ತಿರುವಿ ಹಾಕಿ ಹೆಕ್ಕಿದ್ದು.

ಆ ಜಾಹೀರಾತಿನಲ್ಲಿ ಕೇಳಿದ ಎರಡು ಗುಣಗಳೇ ಮುಂದೆ ಅವರ ಸಂಗೀತವಾದವು ಎಂದು ನನ್ನ ಎಣಿಕೆ. ನೀನು ಹೆಡ್‌ಫೋನಿನಲ್ಲಿ ಗಮನವಿಟ್ಟು ಕೇಳು: ಚರಣದಲ್ಲಿ ಗಿಟಾರು ಬಹುತೇಕ ಬಾಯಿ ಮುಚ್ಚಿರುತ್ತದೆ, ಡ್ರಮ್ಮಿನ ಮೇಲೆ ಬೇಸ್ ಒಂದೇ ಎಳೆಯಾಗಿ, ಅವಸರವಿಲ್ಲದೆ ನಡೆಯುತ್ತಿರುತ್ತದೆ, ಥಾಂಪ್ಸನ್ ಮಾತನಾಡುವಷ್ಟೇ ಸಣ್ಣ ದನಿಯಲ್ಲಿ ಹಾಡುತ್ತಿರುತ್ತಾನೆ, ಪಲ್ಲವಿ ಬಂದೊಡನೆ ಗಿಟಾರುಗಳೆರಡೂ ಮೇಲೆರಗಿ ಅದೇ ದನಿ ಚೀರಾಟವಾಗುತ್ತದೆ. ಆ ಸ್ಫೋಟಕ್ಕೆ ಬಲ ಬರುವುದು ಅದರ ಹಿಂದಿನ ಮೌನದಿಂದ, ಆ ಮೌನವನ್ನು ಹೊತ್ತು ನಿಲ್ಲುವುದು ಬೇಸ್. ನಿನ್ನ ಹಾಡುಗಳಲ್ಲಿಯೂ ನನಗೆ ಹಿಡಿಸಿದ ಭಾಗಗಳು ಅಂಥವೇ, ಅವುಗಳನ್ನು ಹೊತ್ತಿರುವವಳು ಯಾರೆಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

1987ರಲ್ಲಿ ಥಾಂಪ್ಸನ್‌ನ ತಂದೆ ಕೊಟ್ಟ 1,000 ಡಾಲರಿನಲ್ಲಿ ಬಾಸ್ಟನ್ನಿನ ಫೋರ್ಟ್ ಅಪಾಚಿ ಸ್ಟುಡಿಯೊದಲ್ಲಿ 17 ಹಾಡುಗಳ ಡೆಮೊ, ಅಂದರೆ ಮಾದರಿ ಧ್ವನಿಮುದ್ರಣ, ಮಾಡಿಕೊಂಡರು. ಲಂಡನ್ನಿನ 4ಎಡಿ ಎಂಬ ರೆಕಾರ್ಡ್ ಕಂಪನಿ ಅದರಿಂದ 8 ಹಾಡುಗಳನ್ನು ಆರಿಸಿ ಮೊದಲ ಡಿಸ್ಕನ್ನು ತಂದಿತು. ಮರುವರ್ಷದ ‘ಸರ್ಫರ್ ರೋಸಾ’ ಆಲ್ಬಮ್ಮನ್ನು ಧ್ವನಿಮುದ್ರಿಸಿದವನು ಸ್ಟೀವ್ ಆಲ್ಬಿನಿ. ಆತ 1,500 ಡಾಲರ್ ಸಂಭಾವನೆ ಪಡೆದು, ಮಾರಾಟದಲ್ಲಿ ಪಾಲು ಬೇಡವೆಂದ. ಸಂಗೀತ ಮಾಡಿದವರ ರಾಯಲ್ಟಿಯಲ್ಲಿ ಧ್ವನಿಮುದ್ರಕ ಕೈಯಿಡಬಾರದು ಎಂಬುದು ಅವನ ನಿಲುವು. ಅಷ್ಟು ನೇರವಾದ ಲೆಕ್ಕವನ್ನು ನಿಮ್ಮ ನಾಲ್ವರಲ್ಲಿ ಯಾರಾದರೂ ಇದುವರೆಗೆ ಮಾಡಿದ್ದೀರಾ? ಯಾವ ಹಾಡು ಯಾರದು, ಹಣ ಬಂದರೆ ಹೇಗೆ ಹಂಚಿಕೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಹಾಕಿ ಎಂದು ಹೋದ ವರ್ಷವೇ ಹೇಳಿದ್ದೆ, ನೀನು ನಕ್ಕು ಸುಮ್ಮನಾಗಿದ್ದೆ.

ಆ ‘ಸರ್ಫರ್ ರೋಸಾ’ದಲ್ಲಿ ಡೀಲ್ ಥಾಂಪ್ಸನ್ ಜೊತೆಗೂಡಿ ಬರೆದು ತಾನೇ ಹಾಡಿದ ಒಂದು ಹಾಡಿದೆ, ಕಂಪನಿಯವರು ಸಿಂಗಲ್ ಆಗಿ, ಅಂದರೆ ಬಿಡಿ ಹಾಡಾಗಿ, ಬಿಡುಗಡೆ ಮಾಡಿದ್ದು ಅದನ್ನು. 1989ರ ‘ಡೂಲಿಟಲ್’ನಲ್ಲಿ ಒಂದು ಹಾಡಿನ ರಚನೆಯಲ್ಲಷ್ಟೇ ಅವಳ ಪಾಲಿದೆ. 1990 ಮತ್ತು 1991ರ ಆಲ್ಬಮ್ಮುಗಳಲ್ಲಿ ಅವಳದ್ದೆಂಬುದು ಒಂದೂ ಇಲ್ಲ. ಹಾಡು ಬರೆಯಬಲ್ಲವಳಿಗೆ ಮನೆಯಲ್ಲಿ ಜಾಗವಿಲ್ಲದಾಗ ಅವಳು ಪಕ್ಕದಲ್ಲೇ ಇನ್ನೊಂದು ಮನೆ ಕಟ್ಟಿಕೊಂಡಳು, ಅದೇ ಬ್ರೀಡರ್ಸ್ ಎಂಬ ಬ್ಯಾಂಡು.

ಹೊರಗಿನ ಗೆಲುವೂ ವಿಚಿತ್ರವಾಗಿತ್ತು. ‘ಡೂಲಿಟಲ್’ ಬ್ರಿಟನ್ನಿನ ಆಲ್ಬಮ್ ಪಟ್ಟಿಯಲ್ಲಿ 8ನೇ ಸ್ಥಾನಕ್ಕೇರಿದರೆ ತಮ್ಮದೇ ಅಮೆರಿಕದಲ್ಲಿ 98ನೇ ಸ್ಥಾನದಲ್ಲಿ ನಿಂತಿತು. 1992ರಲ್ಲಿ ಯು2 ಬ್ಯಾಂಡಿನ ಭಾರೀ ಪ್ರವಾಸದಲ್ಲಿ ಮುಖ್ಯ ಕಛೇರಿಗೆ ಮುಂಚೆ ನುಡಿಸುವ ಕೆಲಸ ಸಿಕ್ಕಿತು. ಅದು ಮುಗಿದ ಮೇಲೆ ನಾಲ್ವರೂ ಬೇರೆ ಬೇರೆಯಾಗಿಯೇ ಉಳಿದರು. 1993ರ ಜನವರಿಯಲ್ಲಿ ಬಿಬಿಸಿ ರೇಡಿಯೊ ಸಂದರ್ಶನದಲ್ಲಿ ಥಾಂಪ್ಸನ್ ಬ್ಯಾಂಡು ಮುಗಿಯಿತೆಂದು ಘೋಷಿಸಿದ, ಆಗ ಉಳಿದ ಮೂವರಿಗೆ ಆ ಸಂಗತಿಯೇ ತಿಳಿದಿರಲಿಲ್ಲ. ಆಮೇಲೆ ಸ್ಯಾಂಟಿಯಾಗೊಗೆ ಫೋನ್ ಮಾಡಿದ, ಡೀಲ್‌ಗೂ ಲವರಿಂಗ್‌ಗೂ ಫ್ಯಾಕ್ಸ್ ಹೋಯಿತು.

ನೀನು ಓದಿರುವುದು ಇಲ್ಲಿಂದ ಮುಂದಿನ ಭಾಗವನ್ನು. ಅದೇ ವರ್ಷ ಬ್ರೀಡರ್ಸ್ ತಂದ ಎರಡನೆಯ ಆಲ್ಬಮ್ ಅಮೆರಿಕದಲ್ಲಿ ಬೇಗನೆ ಪ್ಲಾಟಿನಮ್ ಆಯಿತು, ಅಂದರೆ ಹತ್ತು ಲಕ್ಷ ಪ್ರತಿಗಳ ಮಾನ್ಯತೆ ಪಡೆಯಿತು. ‘ಸರ್ಫರ್ ರೋಸಾ’ಕ್ಕೆ ಅದರರ್ಧದ ಗೋಲ್ಡ್ ಮಾನ್ಯತೆ ಸಿಗಲು 2005 ಬರಬೇಕಾಯಿತು. ಮೂಲೆಗೆ ತಳ್ಳಿದ ಹಾಡುಗಾರ್ತಿ ಎಂಥವಳಾಗಿದ್ದಳು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. 1994ರಲ್ಲಿ ನಿರ್ವಾಣ ಬ್ಯಾಂಡಿನ ಕರ್ಟ್ ಕೊಬೇನ್, ತನ್ನ ಅತಿ ಪ್ರಸಿದ್ಧ ಹಾಡನ್ನು ಕಟ್ಟುವಾಗ ಪಿಕ್ಸೀಸ್ ಶೈಲಿಯನ್ನೇ ಎಗರಿಸಲು ಹೊರಟಿದ್ದೆ ಎಂದು ಒಪ್ಪಿಕೊಂಡ. ಆ ಪ್ರಶಂಸೆ ತಲುಪುವ ಹೊತ್ತಿಗೆ ಬ್ಯಾಂಡೇ ಇರಲಿಲ್ಲ. ಲವರಿಂಗ್ ಮುಂದೆ ಜಾದೂ ಪ್ರದರ್ಶನ ಕೊಡತೊಡಗಿದ. 2004ರಲ್ಲಿ ನಾಲ್ವರೂ ಮತ್ತೆ ಕೂಡಿದರು, ಹಿಂದೆಂದೂ ಕಾಣದಷ್ಟು ಜನ ನೆರೆದರು. ಆದರೆ ಕೆಲವು ವರ್ಷಗಳ ನಂತರ, ವೇಲ್ಸಿನಲ್ಲಿ ಹೊಸ ಹಾಡುಗಳ ಧ್ವನಿಮುದ್ರಣ ನಡೆದಿರುವಾಗಲೇ, ಡೀಲ್ ಹೊರಟುಹೋದಳು.

ಈ ಹೆಸರು ಉಳಿದ ಸಂಗತಿಯನ್ನು ನಿನ್ನ ನಿರ್ಧಾರಕ್ಕೆ ಆಧಾರವಾಗಿ ಇಟ್ಟುಕೊಳ್ಳಬೇಡ. ಬ್ಯಾಂಡು ಒಡೆದದ್ದರಿಂದ ಬಂದ ಕೀರ್ತಿಯಲ್ಲ ಅದು; ಕೂಡಿದ್ದಾಗ ಮಾಡಿದ ನಾಲ್ಕೂವರೆ ಡಿಸ್ಕುಗಳಿಂದ ಬಂದದ್ದು. ಅರ್ಧವೆಂದದ್ದು ಆ ಮೊದಲ ಕಿರು ಡಿಸ್ಕನ್ನು. ನಿಮ್ಮ ಕೈಯಲ್ಲಿ ಈಗ ಇರುವುದು ಏಳು ಹಾಡು.

ನಾನೂ ಒಮ್ಮೆ ಇದೇ ತಪ್ಪು ಮಾಡಿದವನು. ಕಾಲೇಜಿನ ಕೊನೆಯ ವರ್ಷದಲ್ಲಿ ನಮ್ಮ ಮೂವರ ತಂಡವನ್ನು ಬಿಡುವಾಗ, ಡ್ರಮ್ಸ್ ಬಾರಿಸುತ್ತಿದ್ದ ಗೆಳೆಯನ ಕೋಣೆಯ ಬಾಗಿಲಿಗೆ ಒಂದು ಚೀಟಿ ಸಿಕ್ಕಿಸಿ ಬಂದೆ. ಒಳಗೆ ದೀಪ ಉರಿಯುತ್ತಿತ್ತು, ಅವನು ಪೆನ್ಸಿಲಿನಿಂದ ಮೇಜಿನ ಮೇಲೆ ತಾಳ ಹಾಕುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ಬಾಗಿಲು ತಟ್ಟಲಿಲ್ಲ. ಅವನು ಇಂದಿಗೂ ನನ್ನೊಡನೆ ಮಾತನಾಡಿಲ್ಲ, ಅದರಲ್ಲಿ ಅವನ ತಪ್ಪೇನೂ ಇಲ್ಲ.

ಆದ್ದರಿಂದ ಆ ಮೆಸೇಜನ್ನು ಅಳಿಸಿಹಾಕು. ಆ ಹುಡುಗಿಯ ಎರಡು ಹಾಡುಗಳನ್ನು ತೆಗೆದುಕೊಂಡು, ಅವಳೇ ಮುಂದೆ ನಿಂತು ಹಾಡುವಂತೆ ಮಾಡಿ, ನೀನು ಹಿಂದೆ ನಿಂತು ಗಿಟಾರು ನುಡಿಸಿ ನೋಡು. ಒಂದು ತಿಂಗಳು ಅಭ್ಯಾಸ ಮಾಡಿಯೂ ಹೊಂದದಿದ್ದರೆ ಬಿಡು, ಬೇಡವೆನ್ನುವವನು ನಾನಲ್ಲ. ಬಿಡುವುದೇ ಆದರೆ ಮೂವರನ್ನೂ ಕೂರಿಸಿಕೊಂಡು ಬಾಯಿಬಿಟ್ಟು ಹೇಳು, ಹೊರಗಿನ ಯಾರಿಗಾದರೂ ಹೇಳುವ ಮುಂಚೆ ಹೇಳು. ಅವಳು ಕೋಪದಲ್ಲಿ ಆಡುವ ಮಾತನ್ನು ಪೂರ್ತಿ ಕೇಳಿಸಿಕೊಂಡು ಬಾ.

ಭಾನುವಾರ ನಾನು ಮನೆಯಲ್ಲೇ ಇರುತ್ತೇನೆ. ಅವಳೊಡನೆ ಮಾತಾದ ಮೇಲೆ ಫೋನ್ ಮಾಡು, ಅದಕ್ಕೆ ಮುಂಚೆ ಬೇಡ.

ಇಂತಿ ನಿನ್ನ ಮಾವ