ನಾಲ್ಕು ಹುಡುಗಿಯರ ಜ್ವರ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲಿಲ್ಲ. "ಫೀಸು ಕಟ್ಟಿ ಓದೋ ಹೆಣ್ಣುಮಕ್ಕಳ ಶಾಲೆಯಲ್ಲಿ ಸಮಾನತೆ ನೋಡ್ಕೊಳ್ಳೋದು ಅಂದ್ರೆ ಏನು ಕೆಲಸ?" ಅಂದೆ. ಅಷ್ಟರಲ್ಲಿ ಬೆಲ್ ಹೊಡೆಯಿತು. ಇವತ್ತು ಭಾನುವಾರ, ಕೂತು ಬರೆಯುತ್ತಿದ್ದೇನೆ.

ಈ ಜವಾಬ್ದಾರಿ ನನಗೆ ಬಂದಾಗ ಮೊದಲು ತೆಗೆದು ನೋಡಿದ್ದು ಹಿಂದಿನ ವರ್ಷದ ಹಾಜರಿ ಪುಸ್ತಕ. ಏಳನೇ ಕ್ಲಾಸಿನಲ್ಲಿ ನಾಲ್ಕು ಹುಡುಗಿಯರು, ವರ್ಷವಿಡೀ ತಪ್ಪದೆ ಬಂದಿದ್ದಾರೆ. ಆದರೆ ಪ್ರವಾಸದ ದಿನ ಇಲ್ಲ. ವಾರ್ಷಿಕೋತ್ಸವದ ದಿನ ಇಲ್ಲ. ಕಲರ್ ಡ್ರೆಸ್ ಹಾಕ್ಕೊಂಡು ಬನ್ನಿ ಅಂದ ದಿನವೂ ಇಲ್ಲ. ಮೂರು ದಿನಕ್ಕೂ ಜ್ವರ ಅಂತ ರಜೆ ಚೀಟಿ. ನಾಲ್ಕೂ ಮಕ್ಕಳಿಗೆ ಅದೇ ಮೂರು ದಿನ ಜ್ವರ ಬರುತ್ತೇನೋ? ಆ ಪುಸ್ತಕಕ್ಕೆ ಪ್ರತಿ ತಿಂಗಳು ಸಹಿ ಹಾಕಿದವಳು ನಾನೇ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಪ್ರವಾಸಕ್ಕೆ ತಲೆಗೆ ಮೂರೂವರೆ ಸಾವಿರ ಇಟ್ಟಿದ್ದೆವು. ಡ್ಯಾನ್ಸಿನ ಬಟ್ಟೆ ಬಾಡಿಗೆ ಬೇರೆ. ಈ ಸಲ ಬಟ್ಟೆ ಶಾಲೆಯದೇ, ಎಲ್ಲರಿಗೂ ಒಂದೇ ಥರ. ಕಲರ್ ಡ್ರೆಸ್ ದಿನ ನಿಂತೇ ಹೋಯಿತು.

ಇನ್ನೊಂದು ದಿನ ಕ್ಲಾಸಿನ ಹಿಂದಿನ ಬೆಂಚಲ್ಲಿ ಕೂತಿದ್ದೆ. ಹೊಸ ಟೀಚರ್ ಫಾರಂ ತುಂಬಿಸುತ್ತಾ ಎಲ್ಲರೆದುರೇ ಕೇಳುತ್ತಿದ್ದರು. "ಅಪ್ಪ ಏನ್ಮಾಡ್ತಾರೆ?" "ಅಪ್ಪ ಇಲ್ಲ ಮಿಸ್." "ಅಮ್ಮ?" "ಕಾರ್ಪೊರೇಷನ್‌ನಲ್ಲಿ ಇದ್ದಾರೆ." "ಕಾರ್ಪೊರೇಷನ್‌ನಲ್ಲಿ ಏನು?" ಹುಡುಗಿ ನೋಟ್‌ಬುಕ್ಕಿನ ಮೇಲಿನ ಲೇಬಲ್ಲನ್ನು ಉಗುರಿನಿಂದ ಕೆರೆಯುತ್ತಾ ನಿಂತಳು. ತನ್ನ ಹೆಸರು ಪೂರ್ತಿ ಕಿತ್ತು ಬರೋವರೆಗೂ ಕೆರೆದಳು, ಮಾತಾಡಲಿಲ್ಲ. ಅವರಮ್ಮ ಪೌರಕಾರ್ಮಿಕರು ಕಣೋ. 2016ರಲ್ಲಿ ದೇಶಕ್ಕೇ ಸ್ವಚ್ಛ ನಗರ ಅಂತ ಮೈಸೂರು ಮೊದಲ ಸ್ಥಾನ ಪಡೆದಾಗ ನಾವೆಲ್ಲ ಎಷ್ಟು ಹೆಮ್ಮೆ ಪಟ್ಟೆವು! ಆ ಹೆಮ್ಮೆ ತಂದುಕೊಟ್ಟವರ ಮಗಳು ನಮ್ಮ ಕ್ಲಾಸಿನಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಟೀಚರ್ ಕೆಟ್ಟವರಲ್ಲ, ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಈಗ ಆ ಫಾರಂ ಆಫೀಸಿನಲ್ಲೇ ತುಂಬುತ್ತೇವೆ, ಪೋಷಕರು ಬಂದಾಗ.

ಇವೆಲ್ಲ ಸಣ್ಣವು. ದೊಡ್ಡದು ಸೀಟಿನ ವಿಷಯ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ನಮ್ಮಂಥ ಶಾಲೆಗಳು ಶೇ. 25 ಸೀಟು ಬಡ, ಹಿಂದುಳಿದ ಮನೆಯ ಮಕ್ಕಳಿಗೆ ಕೊಡಬೇಕಿತ್ತು. 2019ರಲ್ಲಿ ಕರ್ನಾಟಕದ ನಿಯಮ ಬದಲಾಯಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಆ ಮಕ್ಕಳು ಬರೋದಿಲ್ಲ. ಮೈಸೂರಿನಲ್ಲಿ ಸರ್ಕಾರಿ ಶಾಲೆ ಹತ್ತಿರವಿಲ್ಲದ ಬಡಾವಣೆ ಎಷ್ಟಿದೆ ಹೇಳು. ಅದಕ್ಕೂ ಮುಂಚೆ ಈ ಸೀಟಿನಲ್ಲೇ ಉಚಿತವಾಗಿ ಸೇರಿದ್ದ ಆ ನಾಲ್ವರು ಈಗ ಎಂಟನೇ ಕ್ಲಾಸು. ಕಾಯ್ದೆಯ ಉಚಿತ ಓದು ಎಂಟಕ್ಕೇ ಮುಗಿಯುತ್ತೆ. ಒಂಬತ್ತಕ್ಕೆ ಫೀಸು ಕಟ್ಟಿ ಅಂದರೆ ಎಲ್ಲಿಂದ ತರುತ್ತಾರೆ? ಒಂದನೇ ಕ್ಲಾಸಿನಿಂದ ಜೊತೆಗಿದ್ದ ಗೆಳತಿಯರನ್ನು ಬಿಟ್ಟು ಟಿಸಿ ತಗೊಂಡು ಹೋಗಬೇಕು.

ಇದನ್ನ ಹಿಡಿದು ಆಡಳಿತ ಮಂಡಳಿ ಮುಂದೆ ಮೂರು ಸಲ ಕೂತೆ. ಒಬ್ಬ ಪೋಷಕರು, "ಎಲ್ಲರನ್ನೂ ಬೆರೆಸಿದರೆ ಸ್ಟ್ಯಾಂಡರ್ಡ್ ಇಳಿಯುತ್ತೆ" ಅಂದರು. ದಲಿತ ಮಕ್ಕಳನ್ನೂ ಸರ್ಕಾರಿ ಶಾಲೆಗಳಿಗೆ ಸೇರಿಸಬೇಕು ಅಂತ 1915ರಲ್ಲಿ ಮೈಸೂರು ಸಂಸ್ಥಾನ ಆದೇಶ ಮಾಡಿದಾಗಲೂ ವಿರೋಧ ಎದ್ದಿತ್ತು, ಆದರೂ ಸಂಸ್ಥಾನ ಆ ಬಾಗಿಲು ತೆರೆಯಿತು ಅಂತ ಹೇಳಿದೆ. ಧ್ವನಿ ಸ್ವಲ್ಪ ಜಾಸ್ತಿಯೇ ಆಯಿತೇನೋ. ಕೊನೆಗೆ ನಾಲ್ವರನ್ನೂ ಹತ್ತನೇ ಕ್ಲಾಸಿನವರೆಗೆ ಶಾಲೆಯೇ ಓದಿಸುತ್ತದೆ ಅಂತ ಬರೆದುಕೊಟ್ಟರು. ಹೊಸ ಸೀಟಿನ ಮಾತು ಇನ್ನೂ ನಡೆಯುತ್ತಿದೆ, ಬಿಡೋದಿಲ್ಲ.

ಜನವರಿಯಲ್ಲಿ ಪ್ರವಾಸ ರಂಗನತಿಟ್ಟಿಗೆ. ಒಂದೇ ದಿನ, ಶಾಲೆಯ ಬಸ್ಸು, ಬುತ್ತಿ ಮನೆಯಿಂದ. ಮಂಡ್ಯದಿಂದ ನಿನಗೂ ಹತ್ತಿರವೇ ಅಲ್ವಾ? ನಿನ್ನ ಶಾಲೆಯ ಹುಡುಗಿಯರನ್ನೂ ಕರ್ಕೊಂಡು ಬಾ. ಎಷ್ಟು ಜನ ಅಂತ ಬರಿ, ದೋಣಿಗೆ ಮೊದಲೇ ಹೇಳಿಡುತ್ತೇನೆ.

ನಿನ್ನ ಗೆಳತಿ